ಕಡಲ ಮರಳನ್ನು ಹಳಿಗೆ ಸುರಿಯಬೇಡಿ: ಒಂದೇ ಮಳೆಗಾಲಕ್ಕೆ ಹಾಳಾದ ರೈಲು ಲೇಔಟಿನ ಪಂಚನಾಮೆ

ಕಾರವಾರದ ಕೋಡಿಬಾಗದ ಕಡೆ ಒಂದು ಮಹಡಿ ಕೋಣೆ. ಸೂರು ಸೋರುವುದಿಲ್ಲ, ಕಿಟಕಿ ಭದ್ರವಾಗಿದೆ. ಅಲ್ಲಿ ಪುಟ್ಟ ಮಾದರಿ ರೈಲು ಓಡಿಸುವ 8×4 ಅಡಿಯ ಎಚ್‌ಓ ಲೇಔಟ್, ಅಂದರೆ 1:87 ಅಳತೆ, 16.5 ಮಿ.ಮೀ. ಗೇಜು. ಏಪ್ರಿಲ್‌ನಲ್ಲಿ ಜಲ್ಲಿ ಅಂಟಿಸಿ ಮುಗಿಯಿತು, ಮೇ ಪೂರ್ತಿ ಇಂಜಿನ್ ಚೆನ್ನಾಗಿಯೇ ಓಡಿತು. ಜುಲೈಯಲ್ಲಿ ಹೊದಿಕೆ ತೆಗೆದರೆ ಹಳಿಯ ಬುಡದಲ್ಲಿ ಪಾಚಿಯಂಥ ಹಸಿರು, ಜಲ್ಲಿ ಮುಟ್ಟಿದರೆ ಬೆರಳಿಗೆ ತೇವ, ಇಂಜಿನ್ ಎರಡಡಿ ಹೋಗಿ ನಿಲ್ಲುತ್ತದೆ. ಕಂಟ್ರೋಲರ್ ಕೆಟ್ಟಿದೆ ಎಂದು ಎರಡು ವಾರ ಅದನ್ನೇ ಬಿಚ್ಚಿ ಜೋಡಿಸಿದ್ದು ದಂಡ. ಕೆಟ್ಟದ್ದು ಜಲ್ಲಿ. ಅದು ಬೀಚಿನಿಂದ ಚೀಲದಲ್ಲಿ ತಂದು, ಒಂದು ಸಲ ತೊಳೆದು ಒಣಗಿಸಿದ ಮರಳು.

ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರಾಡುತ್ತದಲ್ಲ, ಹಳಿಯ ನಡುವೆ ನಡೆದದ್ದೂ ಅದೇ. ಶುದ್ಧ ಸೋಡಿಯಂ ಕ್ಲೋರೈಡ್ ಗಾಳಿಯ ತೇವಾಂಶ ಶೇ 75 ದಾಟಿದರೆ ನೀರು ಎಳೆದು ಕರಗುತ್ತದೆ. ಕಡಲ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಶೇ 33 ಸಾಕು. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಲ್ಲಿ ಒಣಗುವ ಮಾತೇ ಇಲ್ಲ. ಎರಡು ಹಳಿಗಳ ನಡುವೆ ಉಪ್ಪುನೀರಿನ ಪೊರೆ, ಅದರ ಮೇಲೆ 12 ವೋಲ್ಟ್. ಕರೆಂಟು ಅಲ್ಲಿಂದಲೇ ಸೋರುತ್ತದೆ, ಲೋಹ ಕರಗುತ್ತ ಹೋಗುತ್ತದೆ. ಡಿಸಿಸಿ (ಇಂಜಿನ್ನಿಗೆ ಡಿಜಿಟಲ್ ಸಂಕೇತದಲ್ಲಿ ಆಜ್ಞೆ ಕೊಡುವ ಕಂಟ್ರೋಲ್) ಹಾಕಿದವರ ಪಾಡು ಇನ್ನೂ ಕಷ್ಟ, ಏಕೆಂದರೆ ಅಲ್ಲಿ ಇಂಜಿನ್ ನಿಂತಿದ್ದಾಗಲೂ ಹಳಿಯಲ್ಲಿ ಕರೆಂಟು ಇರುತ್ತದೆ. ‘ನಿಕಲ್ ಸಿಲ್ವರ್ ಹಳಿ, ಏನೂ ಆಗಲ್ಲ’ ಎನ್ನುವವರಿಗೆ ಒಂದು ಮಾತು: ಹೆಸರಲ್ಲಿ ಮಾತ್ರ ಬೆಳ್ಳಿ, ಒಳಗೆ ಅರ್ಧಕ್ಕಿಂತ ಹೆಚ್ಚು ತಾಮ್ರ. ಆ ಹಸಿರು ತಾಮ್ರದ ಕಿಲುಬೇ.

ಪರೀಕ್ಷೆ ಸುಲಭ. ಹಳಿಯ ಮೇಲಿನ ಇಂಜಿನ್, ದೀಪವಿರುವ ಬೋಗಿ ಎಲ್ಲ ತೆಗೆದಿಡಿ, ಕಂಟ್ರೋಲರಿನ ಎರಡೂ ವೈರ್ ಕಳಚಿ. ಮಲ್ಟಿಮೀಟರನ್ನು ದೊಡ್ಡ ಓಮ್ ರೇಂಜಿಗಿಟ್ಟು ಎರಡು ಹಳಿಗೂ ಮುಟ್ಟಿಸಿ. ಓಎಲ್ ಎಂದು ಬರಬೇಕು, ಅಂದರೆ ನಡುವೆ ಕರೆಂಟು ಹರಿಯುವ ದಾರಿಯಿಲ್ಲ. ಕಿಲೋಓಮ್‌ನಲ್ಲಿ ಅಂಕಿ ಓಡಾಡಿದರೆ ಜಲ್ಲಿಯಲ್ಲಿ ಉಪ್ಪಿದೆ. ಆದರೆ ಬೇಸಿಗೆಯಲ್ಲಿ ಇದನ್ನು ನಂಬಬೇಡಿ, ಒಣಗಿದ ಉಪ್ಪು ಸುಮ್ಮನಿರುತ್ತದೆ. ಆಗ ಮರಳನ್ನೇ ಪರೀಕ್ಷಿಸಬೇಕು: 200 ಮಿ.ಲೀ. ಕುಡಿಯುವ ನೀರಿಗೆ 100 ಗ್ರಾಂ ಮರಳು ಹಾಕಿ ಕಲಕಿ, ಅರ್ಧ ತಾಸು ಬಿಟ್ಟು, ಫಿಲ್ಟರ್ ರಿಪೇರಿಯವರು ಇಟ್ಟುಕೊಳ್ಳುವ ಟಿಡಿಎಸ್ ಮೀಟರ್ ಅದ್ದಿ. ಬರೀ ನೀರಿನ ಅಂಕಿಗಿಂತ 50 ಪಿಪಿಎಂ ಏರಿದರೂ ಆ ಮರಳು ಬೇಡ.

ಹತ್ತು ಸಲ ತೊಳೆದರೆ ಆಗದೇ? ಆದೀತು, ಆದರೆ ಅಷ್ಟು ಒದ್ದಾಟಕ್ಕೆ ಅದು ತಕ್ಕದ್ದಲ್ಲ. ಕಡಲ ಮರಳಿನ ಕಣ ಉರುಟು, ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ. ಮಾಜಾಳಿ ಆಚೆಯ ತಿಳಮಾತಿಯ ಕರಿ ಮರಳು ಕಲ್ಲಿದ್ದಲಿನ ಗುಡ್ಡೆಗೆ ಹೇಳಿ ಮಾಡಿಸಿದ ಹಾಗೆ ಕಾಣುತ್ತದೆ, ಆಸೆ ಹುಟ್ಟುವುದು ಸಹಜ. ಆದರೆ ಯಾವುದೇ ಕರಿ ಮರಳಿಗೂ ಮೊದಲು ಆಯಸ್ಕಾಂತ ಆಡಿಸಿ ನೋಡಿ. ಅಂಟಿಕೊಳ್ಳುವ ಕಣವಿದ್ದರೆ ಇಂಜಿನ್ನಿನ ಮೋಟರೂ ಅದನ್ನು ಎಳೆದುಕೊಳ್ಳುತ್ತದೆ, ಗೇರಿನ ಹಲ್ಲು ಸವೆಯುತ್ತದೆ.

ಬೇಕಾದದ್ದು ಕ್ರಷರಿನ ಎಂ-ಸ್ಯಾಂಡ್. ರೈಲ್ವೆಯ ಜಲ್ಲಿ ಸುಮಾರು 50 ಮಿ.ಮೀ., ಅದನ್ನು 87ರಿಂದ ಭಾಗಿಸಿದರೆ 0.6 ಮಿ.ಮೀ. ಹತ್ತಿರ. ಚಿರೋಟಿ ರವೆಗಿಂತ ದಪ್ಪ, ಉಪ್ಪಿಟ್ಟಿನ ರವೆಗಿಂತ ದಪ್ಪವಲ್ಲ. ರವೆ ಜರಡಿಯಲ್ಲಿ ಒಮ್ಮೆ, ಟೀ ಸೋಸುವ ಜಾಲರಿಯಲ್ಲಿ ಒಮ್ಮೆ ಜರಡಿ ಹಿಡಿದು ನಡುವಿನದ್ದನ್ನು ಉಳಿಸಿಕೊಳ್ಳಿ, ದೂಳು ಹೋಗುವಂತೆ ತೊಳೆಯಿರಿ. ಚಿರೆಕಲ್ಲಿನ ಪುಡಿ ಜಲ್ಲಿಗೆ ಬೇಡ, ಒದ್ದೆಯಾದರೆ ಕೆಂಪು ರಾಡಿ. ಕೊಂಕಣ ರೈಲಿನ ಗುಡ್ಡ ಕಡಿದ ಜಾಗ ಮಾಡುವುದಾದರೆ ಅದಕ್ಕಿಂತ ಒಳ್ಳೆಯ ಬಣ್ಣ ಸಿಗದು, ಅಲ್ಲಿಗೆ ಮಾತ್ರ ಬಳಸಿ.

ಹಳಿಯ ಜೋಡಣೆಗಳು ಜಲ್ಲಿಗಿಂತ ಮೊದಲೇ ಹಸಿರಾಗಿದ್ದವು. ಅಲ್ಲಿನ ಕಳ್ಳ ಬೇರೆ: ರೇಡಿಯೇಟರ್, ತಗಡಿನ ಬೆಸುಗೆಗೆ ಮಾರುವ ಆಸಿಡ್ ಫ್ಲಕ್ಸ್, ಅಂದರೆ ಬೆಸುಗೆ ಹಿಡಿಯಲು ಹಚ್ಚುವ ಪೇಸ್ಟ್. ಅದರಲ್ಲಿರುವ ಝಿಂಕ್ ಕ್ಲೋರೈಡ್ ಕಡಲುಪ್ಪಿಗಿಂತಲೂ ಜೋರಾಗಿ ನೀರು ಎಳೆಯುತ್ತದೆ. ಅಂಗಡಿಯಲ್ಲಿ ‘ಸೋಲ್ಡರ್ ಪೇಸ್ಟ್’ ಎಂದಷ್ಟೇ ಕೇಳಿದರೆ ಆಸಿಡ್, ರೋಸಿನ್ ಎರಡರಲ್ಲಿ ಯಾವುದಾದರೂ ಕೈಗೆ ಬರಬಹುದು, ‘ರೋಸಿನ್, ಎಲೆಕ್ಟ್ರಾನಿಕ್ಸಿಗೆ’ ಎಂದು ಬಾಯಿಬಿಟ್ಟು ಹೇಳಿ. 60/40ರ (ತವರ, ಸೀಸ) ರೋಸಿನ್ ತುಂಬಿದ 0.8 ಮಿ.ಮೀ. ಬೆಸುಗೆ ತಂತಿ ಇದ್ದರೆ ಪೇಸ್ಟೇ ಬೇಡ. ಬೆಸುಗೆ ಹಳಿಯ ಹೊರಮೈಗೆ ಹಾಕಿ, ಒಳಮೈಗೆ ಹಾಕಿದರೆ ಗಾಲಿಯ ಅಂಚು ತಾಗುತ್ತದೆ. ಆರಿದ ಮೇಲೆ ಹಳೆ ಹಲ್ಲುಜ್ಜುವ ಬ್ರಷ್, ಐಸೊಪ್ರೊಪೈಲ್ ಆಲ್ಕೊಹಾಲ್. ಕರೆಂಟಿಗೆ ಹಳಿ ಕೂಡಿಸುವ ಜಾಯಿನರನ್ನೇ ನಂಬದೆ ಹಳಿಯ ಪ್ರತಿ ತುಂಡಿಗೂ ಬೇರೆ ಫೀಡರ್ ವೈರ್ ಕೊಡಿ.

ಹಲಗೆ ಎಂಡಿಎಫ್. ಅಂಚಿನಲ್ಲಿ ಬ್ರೆಡ್ಡಿನಂತೆ ಉಬ್ಬಿತ್ತು, ಸ್ಕ್ರೂ ಬಿಗಿದಲ್ಲೆಲ್ಲ ಗುಳ್ಳೆ. ಕರಾವಳಿಯಲ್ಲಿ ಅದು ಬೇಡವೇ ಬೇಡ. 12 ಮಿ.ಮೀ. ಪ್ಲೈವುಡ್ ತನ್ನಿ. ‘ಮರೈನ್’ ಎಂಬ ಮುದ್ರೆ ಯಾರು ಬೇಕಾದರೂ ಒತ್ತುತ್ತಾರೆ, ಮರೈನ್ ಪ್ಲೈವುಡ್ಡಿನ ಮಾನದಂಡವಾದ ಐಎಸ್ 710 ಮತ್ತು ಐಎಸ್‌ಐ ಗುರುತು ಇದೆಯೇ ನೋಡಿ. ಕೊಳ್ಳುವ ಮೊದಲು ಎರಡಿಂಚಿನ ತುಂಡು ಕೇಳಿ ತಂದು ನಾಲ್ಕು ತಾಸು ಕುದಿಸಿ. ಪದರ ಬಿಟ್ಟಿತೋ, ಮುದ್ರೆ ಸುಳ್ಳು. ಮೇಲೆ ಕೆಳಗೆ ಮಾತ್ರವಲ್ಲ, ಕೊಯ್ದ ಅಂಚು, ತೂತಿನ ಒಳಗೋಡೆಗೂ ಎರಡು ಕೋಟ್ ವಾರ್ನಿಶ್. ಸ್ಕ್ರೂ ಸ್ಟೇನ್‌ಲೆಸ್ 304. ಒಂದು ಮೀಟರ್ ಹಳಿ 15 ಡಿಗ್ರಿ ಬಿಸಿಗೆ ಕಾಲು ಮಿ.ಮೀ. ಹಿಗ್ಗುತ್ತದೆ, ಅಷ್ಟೇ. ಹಲಗೆಯ ಆಟ ಅದಕ್ಕಿಂತ ದೊಡ್ಡದು. ಮಳೆಗಾಲದಲ್ಲಿ ಉಬ್ಬಿದ ಹಲಗೆಯ ಮೇಲೆ ಸಂದು ಬಿಡದೆ ಹಳಿ ಕೂರಿಸಿದರೆ, ಜನವರಿಯಲ್ಲಿ ಹಲಗೆ ಕುಗ್ಗಿ ಹಳಿ ಹಾವಿನಂತೆ ಡೊಂಕಾಗುತ್ತದೆ.

ಗುಡ್ಡ ಮಾಡುವ ಪ್ಲಾಸ್ಟರ್ ಆಫ್ ಪ್ಯಾರಿಸ್ ಕಳೆದ ವರ್ಷದ ಚೀಲದ್ದಾದರೆ ಒಂದು ಬಟ್ಟಲಲ್ಲಿ ಕಲಸಿ ನೋಡಿ. ಗಟ್ಟಿಯಾಗುವಾಗ ಕೈಗೆ ಬಿಸಿ ತಾಗದಿದ್ದರೆ ಅದು ಸತ್ತಿದೆ, ಎಸೆಯಿರಿ. ಶಿರಸಿ ಕಡೆಯವರಿಗೆ ಕಡಲ ಉಪ್ಪಿನ ಕಾಟವಿಲ್ಲ, ಬೂಷ್ಟಿನದ್ದು. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆ ಎಂದು ಅಲ್ಲಿ ಲೇಔಟ್ ಇಟ್ಟರೆ ಹೊಗೆಯ ಜಿಡ್ಡು ಹಳಿಗೆ ಕೂರುತ್ತದೆ.

ಈಗಾಗಲೇ ಕಡಲ ಮರಳು ಅಂಟಿಸಿದ್ದರೆ ಕರೆಂಟು ತೆಗೆದು, ಒಂದೊಂದು ಅಡಿಯಂತೆ ಬಿಸಿನೀರನ್ನು ಸ್ಪಂಜಿನಿಂದ ಒತ್ತಿ ಇಪ್ಪತ್ತು ನಿಮಿಷ ಬಿಡಿ. ಬಿಳಿ ಅಂಟು ಮೆತ್ತಗಾಗುತ್ತದೆ. ಐಸ್‌ಕ್ರೀಂ ಕಡ್ಡಿಯಿಂದ ಎಬ್ಬಿಸಿ, ದಾರಿ ಬದಲಿಸುವ ಪಾಯಿಂಟ್ಸಿನ ಚಲಿಸುವ ಹಳಿಯ ಕಡೆಗೆ ಎಳೆಯಬೇಡಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಿಂದ ಎರಡು ಸಲ ಒರೆಸಿ. ಹಸಿರನ್ನು ಎಮರಿಯಿಂದ ಉಜ್ಜಬೇಡಿ, ಗೀರಿನಲ್ಲಿ ಕೊಳೆ ಕೂರುತ್ತದೆ. ಲಿಂಬೆರಸ ಅದ್ದಿದ ಬಟ್ಟೆಯಲ್ಲಿ ಒರೆಸಿ, ಕೂಡಲೇ ನೀರಿನಿಂದ ತೆಗೆಯಿರಿ. ಮೇಜಿನ ಮೇಲೆ ಫ್ಯಾನ್ ಹಾಕಿ ಮೂರು ದಿನ ಒಣಗಿಸಿ. ಆಮೇಲೆ ಒಂದು ಮಳೆಯ ದಿನ ನೋಡಿಕೊಂಡು ಮಲ್ಟಿಮೀಟರ್ ಹಿಡಿಯಿರಿ. ಓಎಲ್ ಬರುವ ತನಕ ಹೊಸ ಜಲ್ಲಿಯ ಚೀಲ ಬಿಚ್ಚಬೇಡಿ.