ಫೆರಿಟಿನ್ ನೋಡದೆ ವರ್ಷಗಟ್ಟಲೆ ಐರನ್ ಮಾತ್ರೆ ನುಂಗಬೇಡಿ

ನನ್ನ ತಂಗಿಗೆ ಹೈಸ್ಕೂಲಿನಿಂದಲೂ ಹಿಮೋಗ್ಲೋಬಿನ್ 8ರ ಆಸುಪಾಸು. ಯಾವ ಕ್ಲಿನಿಕ್ಕಿಗೆ ಹೋದರೂ ಅದೇ ಚೀಟಿ: ಐರನ್ ಮಾತ್ರೆ, ಜೊತೆಗೊಂದು ಟಾನಿಕ್. ಮನೆಯಲ್ಲಿ ಖರ್ಜೂರ, ಬೀಟ್‌ರೂಟ್, ನುಗ್ಗೆಸೊಪ್ಪಿನ ಉಪಚಾರ ಬೇರೆ. ಏರದಿದ್ದಾಗ ಡೋಸ್ ಹೆಚ್ಚಿಸಿದರು, ಆಮೇಲೆ ನರಕ್ಕೇ ಐರನ್ ಏರಿಸಿದರು. ಮಾತ್ರೆ ಸರಿಯಾಗಿ ನುಂಗುತ್ತಿಲ್ಲ ಅಂತ ಬೈಸಿಕೊಂಡವಳೂ ಅವಳೇ. ದೇಹದಲ್ಲಿ ಎಷ್ಟು ಕಬ್ಬಿಣ ಕೂಡಿದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆ ಮಾತ್ರ ಯಾರೂ ಬರೆಯಲಿಲ್ಲ.

ಕೊನೆಗೆ ಬರೆದದ್ದು ಹೊಟ್ಟೆನೋವಿಗೆಂದು ನೋಡಿದ ವೈದ್ಯೆ. ಸ್ಕ್ಯಾನಿಂಗ್‌ನಲ್ಲಿ ಗುಲ್ಮ (ಸ್ಪ್ಲೀನ್) ಊದಿಕೊಂಡಿತ್ತು. ಹೆಂಗಸರಲ್ಲಿ ಫೆರಿಟಿನ್ 200 ದಾಟಿದರೇ ಹೆಚ್ಚು ಅನ್ನುತ್ತಾರೆ, ಇವಳದು ಸಾವಿರ ದಾಟಿತ್ತು. ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್ನಿನ ಬಗೆಗಳನ್ನು ಗುರುತಿಸುವ ರಕ್ತಪರೀಕ್ಷೆ) ಮತ್ತು ಜೀನ್ ಪರೀಕ್ಷೆಯಲ್ಲಿ ಗೊತ್ತಾಯಿತು: ಬೀಟಾ ಥಲಸ್ಸೀಮಿಯಾ ಇಂಟರ್‌ಮೀಡಿಯಾ. ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ಕಾಯಿಲೆ, ಮಧ್ಯಮ ತೀವ್ರತೆಯದು. ಅಪ್ಪ ಅಮ್ಮ ಇಬ್ಬರಿಂದಲೂ ಬಂದದ್ದು.

ಈ ಕಾಯಿಲೆಯಲ್ಲಿ ಕೆಂಪು ರಕ್ತಕಣ ಮಜ್ಜೆಯಲ್ಲೇ ಕೆಟ್ಟು ಹೋಗುತ್ತವೆ. ಕಬ್ಬಿಣಕ್ಕೆ ಕಡಿವಾಣ ಹಾಕುವ ಹೆಪ್ಸಿಡಿನ್ ಅನ್ನೋ ಹಾರ್ಮೋನು ಕುಗ್ಗುತ್ತದೆ, ಕರುಳು ಊಟದಿಂದಲೇ ಬೇಕಾದ್ದಕ್ಕಿಂತ ಹೆಚ್ಚು ಕಬ್ಬಿಣ ಹೀರುತ್ತದೆ. ದೇಹಕ್ಕೆ ಅದನ್ನು ಹೊರಹಾಕುವ ದಾರಿಯೇ ಇಲ್ಲ, ದಿನಕ್ಕೆ 1-2 ಮಿಲಿಗ್ರಾಂ ತಾನಾಗಿ ಹೋದರೆ ಹೆಚ್ಚು. ಉಳಿದದ್ದು ಲಿವರ್, ಹಾರ್ಮೋನ್ ಗ್ರಂಥಿಗಳಲ್ಲಿ ಕೂರುತ್ತದೆ. ಒಂದು ಹನಿ ರಕ್ತ ಹಾಕಿಸಿಕೊಳ್ಳದವರಿಗೂ ಇದು ತಪ್ಪಿದ್ದಲ್ಲ. ಅದರ ಮೇಲೆ ನಾವು ಮಾತ್ರೆ ಸುರಿದಿದ್ದೆವು!

ಹಾಗಂತ ಐರನ್ ಮಾತ್ರೆಯೇ ವಿಷ ಅಂತ ವಾಟ್ಸಾಪಿನಲ್ಲಿ ಹಬ್ಬಿಸಬೇಡಿ. ನಮ್ಮಲ್ಲಿ ಬಹಳಷ್ಟು ಹೆಂಗಸರಿಗೆ ನಿಜವಾಗಿ ಕಬ್ಬಿಣದ ಕೊರತೆಯಿದೆ, ಬಸುರಿಯರಂತೂ ಮಾತ್ರೆ ಬಿಡಕೂಡದು. ಆದರೆ ಕೆಲವು ತಿಂಗಳು ಸರಿಯಾಗಿ ನುಂಗಿದ ಮೇಲೂ ಹಿಮೋಗ್ಲೋಬಿನ್ ಅಲ್ಲಾಡದಿದ್ದರೆ ಫೆರಿಟಿನ್, ಎಚ್‌ಪಿಎಲ್‌ಸಿ ಬೇಕು ಅಂತ ಬಾಯಿಬಿಟ್ಟು ಕೇಳಿ. ರಕ್ತಕಣ ಎಣಿಸುವ ಸಾಮಾನ್ಯ ಸಿಬಿಸಿ ಪರೀಕ್ಷೆಯಲ್ಲೂ ಸುಳಿವಿರುತ್ತದೆ: ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) ತೀರಾ ಕಮ್ಮಿಯಿದ್ದು ಆರ್‌ಬಿಸಿ (ಕೆಂಪು ರಕ್ತಕಣ) ಎಣಿಕೆ 50 ಲಕ್ಷದ ಮೇಲಿದ್ದರೆ ಥಲಸ್ಸೀಮಿಯಾ ಅನುಮಾನ ಬರಬೇಕು. ತಂಗಿಯ ಹಳೇ ರಿಪೋರ್ಟುಗಳಲ್ಲಿ ಎಂಸಿವಿ 60ರ ಹತ್ತಿರ ಇತ್ತು. ನೋಡಿದವರೆಲ್ಲ ಹಿಮೋಗ್ಲೋಬಿನ್ ಸಾಲಿನಲ್ಲೇ ನಿಂತುಬಿಟ್ಟರು.

ಈಗ ಡಿಫೆರಾಸಿರಾಕ್ಸ್ ಮಾತ್ರೆ ನಡೆದಿದೆ, ಕಬ್ಬಿಣ ಹೊರತೆಗೆಯೋಕೆ. ಹಿಮೋಕ್ರೊಮಟೋಸಿಸ್ ಅನ್ನೋ ಇನ್ನೊಂದು ಕಬ್ಬಿಣ ಕೂಡುವ ಕಾಯಿಲೆಯವರಿಗೆ ಮಾಡುವ ಹಾಗೆ ರಕ್ತ ತೆಗೆಸೋಣ ಅಂದರೆ ಇವಳಿಗೆ ಇರೋದೇ ಕಮ್ಮಿ. ಕಿಡ್ನಿ, ಲಿವರ್ ಪರೀಕ್ಷೆ ತಿಂಗಳು ತಿಂಗಳು, ಕಣ್ಣು ಕಿವಿ ವರ್ಷಕ್ಕೊಮ್ಮೆ. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣ ಹೀರೋದು ತಗ್ಗುತ್ತದೆ, ಈ ಒಂದು ಸಲಹೆ ಅವಳಿಗೆ ಇಷ್ಟವಾಯಿತು.

ಒಡಹುಟ್ಟಿದವರೂ ಪರೀಕ್ಷೆ ಮಾಡಿಸಬೇಕು. ನನ್ನದು ಮೈನರ್ ಅಂತ ಬಂತು, ಅಂದರೆ ಬರೀ ವಾಹಕ, ಔಷಧಿ ಬೇಕಿಲ್ಲ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿಗೂ ಮಗುವಿಗೆ ಕಾಯಿಲೆ ಬರುವ ಅಪಾಯ ನಾಲ್ಕರಲ್ಲಿ ಒಂದು ಪಾಲು. ಹಾಗಾಗಿ ನಮ್ಮ ಮನೆಯಲ್ಲಿ ಮದುವೆ ಮಾತುಕತೆಗೆ ಜಾತಕದ ಜೊತೆ ಎಚ್‌ಪಿಎಲ್‌ಸಿ ರಿಪೋರ್ಟೂ ಹೋಗುತ್ತದೆ. ಒಬ್ಬಿಬ್ಬರು ಮುಖ ಸಿಂಡರಿಸಿದರು, ಸಿಂಡರಿಸಲಿ.