ಲ್ಯಾಪ್‌ಟಾಪ್ ಮಲಗಿಸೋ ಕೈಪಿಡಿ: ಐದಕ್ಕೆ ಎರಡೂವರೆ ಸ್ಟಾರ್

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ಮೇ ತಿಂಗಳಲ್ಲಿ ಕರೆಂಟ್ ಹೋದರೆ ಹಳೇ ಲ್ಯಾಪ್‌ಟಾಪೇ ಗತಿ. ಅದರಲ್ಲಿ ಲಿನಕ್ಸ್ ಅನ್ನೋ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಇದೆ. ಬ್ಯಾಟರಿ ಉಳಿಸೋಣ ಅಂತ ಜೊತೆಗೆ ಬಂದ ಕೈಪಿಡಿ ತೆರೆದೆ. ಯಾವ ಲಿನಕ್ಸ್ ಬಳಗದ್ದು ಅಂತ ಹೇಳಲ್ಲ. ಪುಕ್ಕಟೆ ಕೊಟ್ಟವರ ಜೊತೆ ಸುಮ್ನೆ ಜಗಳ ಯಾಕೆ?

ಮೊದಲ ಅಧ್ಯಾಯವೇ ಎಪಿಎಂ, ಅಂದ್ರೆ ಕಂಪ್ಯೂಟರಿನ ವಿದ್ಯುತ್ ಬಳಕೆ ನಿಭಾಯಿಸೋ ಏರ್ಪಾಡು. 1992ರ ಪದ್ಧತಿ ಅದು! 1996ರಲ್ಲಿ ಅದೇ ಕೆಲಸಕ್ಕೆ ಎಸಿಪಿಐ ಅನ್ನೋ ಹೊಸ ಪದ್ಧತಿ ಬಂತು, ಆಮೇಲೆ ಎಪಿಎಂ ಮೂಲೆ ಸೇರಿತು. ಸರಿ, ಮುಂದೆ ಹೋದೆ. ಬ್ಯಾಟರಿ ಎಷ್ಟಿದೆ ನೋಡಲು ‘/ಪ್ರಾಕ್/ಎಸಿಪಿಐ/ಬ್ಯಾಟರಿ’ ತೆರೆಯಿರಿ ಅಂತಿತ್ತು. ತೆರೆದರೆ ಅಂಥ ಫೋಲ್ಡರೇ ಇಲ್ಲ. ಅರ್ಧ ಗಂಟೆ ಬ್ಯಾಟರಿಯೇ ಕೆಟ್ಟಿದೆ ಅಂದುಕೊಂಡು ಕೂತಿದ್ದೆ. ಈಗ ಅದೆಲ್ಲ ‘/ಸಿಸ್/ಕ್ಲಾಸ್/ಪವರ್_ಸಪ್ಲೈ’ ಒಳಗಿದೆ. ಅಲ್ಲಿನ ‘ಕೆಪಾಸಿಟಿ’ ಫೈಲಿನಲ್ಲಿ 61 ಅಂತ, ಅಂದ್ರೆ ಶೇಕಡಾ 61 ಚಾರ್ಜ್ ಅಂತ, ನೀಟಾಗಿ ಕಂಡಿತು.

ಒಳ್ಳೆಯದನ್ನೂ ಹೇಳಬೇಕು ಅಲ್ವಾ? ಲ್ಯಾಪ್‌ಟಾಪ್ ಮಲಗಿಸೋ ಎರಡು ಬಗೆಗಳಾದ ಸಸ್ಪೆಂಡ್‌ಗೂ ಹೈಬರ್ನೇಟ್‌ಗೂ ಇರುವ ವ್ಯತ್ಯಾಸ ಚೆನ್ನಾಗಿ ಬರೆದಿದ್ದಾರೆ. ಸಸ್ಪೆಂಡ್ ಮಾಡಿದರೆ ಕೆಲಸ ಕರೆಂಟ್ ಇದ್ದಷ್ಟು ಹೊತ್ತು ಮಾತ್ರ ನೆನಪಿಡೋ ರ‍್ಯಾಮ್‌ನಲ್ಲೇ ಇರುತ್ತದೆ. ಬ್ಯಾಟರಿ ಪೂರ್ತಿ ಇಳಿದರೆ ಸೇವ್ ಮಾಡದ ಲಗ್ನಪತ್ರಿಕೆ ಹೋಯಿತು ಅಂತಲೇ ಲೆಕ್ಕ. ಹೈಬರ್ನೇಟ್ ಆದರೆ ಡಿಸ್ಕ್‌ಗೆ ಇಳಿಯುತ್ತದೆ. ಅದಕ್ಕೆ ಸಾಕಷ್ಟು ಸ್ವಾಪ್, ಅಂದ್ರೆ ಮೆಮೊರಿಯಲ್ಲಿದ್ದದ್ದನ್ನು ಇಳಿಸಲು ಡಿಸ್ಕ್‌ನಲ್ಲಿ ಮೀಸಲಿಟ್ಟ ಜಾಗ ಬೇಕು ಅನ್ನುವುದನ್ನು ಮಾತ್ರ ಎಲ್ಲೋ ಕೊನೆಗೆ ತುರುಕಿದ್ದಾರೆ.

ಇಂಥ ಕೈಪಿಡಿಗೆ ಹೊಸದು ಸೇರಿಸೋರು ಸಿಗುತ್ತಾರೆ, ಹಳೇದು ಕಿತ್ತು ಹಾಕೋರು ಸಿಗಲ್ಲ. ಬ್ಯಾಟರಿ ಸಾಲು ತಿದ್ದಿ ನಾನೇ ಕಳಿಸಿದ್ದೇನೆ. ಎಪಿಎಂ ಅಧ್ಯಾಯಕ್ಕೆ ಕೈ ಹಾಕಿಲ್ಲ. ಯಾರ ಮನೆ ಅಟ್ಟದಲ್ಲಿ ಆ ಕಾಲದ ಲ್ಯಾಪ್‌ಟಾಪ್ ಇನ್ನೂ ಉಸಿರಾಡುತ್ತಿದೆಯೋ!