ಶೋ ಕಾಕರ್, ವರ್ಕಿಂಗ್ ಕಾಕರ್: ಎರಡನ್ನೂ ಸಾಕಿದ ಮೇಲೆ ನನ್ನ ಓಟು

ಇಂಗ್ಲೆಂಡಿನಲ್ಲಿ ಕಾಕರ್ ಸ್ಪ್ಯಾನಿಯಲ್ ನಾಯಿಮರಿ ತರೋಕೆ ಹೊರಟರೆ ಬಣ್ಣಕ್ಕಿಂತ ಮೊದಲು ಕೇಳಬೇಕಾದದ್ದು ಒಂದಿದೆ. ಅದು ಪ್ರದರ್ಶನಕ್ಕೆಂದು ಬೆಳೆಸಿದ ಶೋ ವಂಶದ್ದೋ, ಬೇಟೆಯ ಕೆಲಸಕ್ಕೆಂದು ಬೆಳೆಸಿದ ವರ್ಕಿಂಗ್ ವಂಶದ್ದೋ? ನಾಯಿ ತಳಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್ಬಿನ ದಾಖಲೆಯಲ್ಲಿ ಎರಡೂ ಒಂದೇ ತಳಿ. ಪಕ್ಕಪಕ್ಕ ನಿಲ್ಲಿಸಿದರೆ ಯಾರೂ ಹಾಗನ್ನಲ್ಲ. ಡರ್ಬಿಶೈರಿನ ನಮ್ಮ ಮನೆಯಲ್ಲಿ ಎರಡೂ ಬೆಳೆದವು. ನನ್ನ ಓಟು ಕಣ್ಣು ಮುಚ್ಚಿಕೊಂಡು ವರ್ಕಿಂಗ್ ಕಾಕರ್‌ಗೆ.

ಚಿನ್ನಿ ಶೋ ವಂಶದವಳು. ದೇಶ ಬಿಟ್ಟು ಹೊರಟ ಗೆಳೆಯರು ನಮಗೆ ಕೊಟ್ಟು ಹೋದರು. ಹೊನ್ನಿನ ಬಣ್ಣ, ದುಂಡು ತಲೆ, ಕೆನ್ನೆಯ ಪಕ್ಕ ಇಳಿಬಿದ್ದ ಉದ್ದ ಕಿವಿ, ಹೊಟ್ಟೆಯ ಕೆಳಗೆ ಜೋತಾಡುವ ರೇಷ್ಮೆ ಕೂದಲು. ಕೆಂಚ ನಾವೇ ದುಡ್ಡು ಕೊಟ್ಟು ತಂದ ವರ್ಕಿಂಗ್ ಕಾಕರ್. ತಲೆ ಚಪ್ಪಟೆ, ಕಿವಿ ಗಿಡ್ಡ, ಸ್ವಲ್ಪ ಮೇಲಕ್ಕೇ ಕೂತಿರುತ್ತೆ. ಮೈ ಕೊಂಚ ಉದ್ದ, ಕೂದಲು ಕಮ್ಮಿ.

ಇಷ್ಟು ವ್ಯತ್ಯಾಸ ಒಂದೆರಡು ತಲೆಮಾರಿನಲ್ಲಿ ಬಂದದ್ದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಒಂದೇ ಸೂಲಿನ ಮರಿಗಳಲ್ಲಿ 25 ಪೌಂಡಿನ ಒಳಗಿದ್ದದ್ದು ಕಾಕರ್, ಮೇಲಿದ್ದದ್ದು ಸ್ಪ್ರಿಂಗರ್ (ಈಗ ಅದು ಬೇರೆಯೇ ಸ್ಪ್ಯಾನಿಯಲ್ ತಳಿ) ಎನಿಸಿಕೊಳ್ಳುತ್ತಿತ್ತು. 1901ರಲ್ಲಿ ಕಾಕರ್‌ಗಿದ್ದ ಆ ತೂಕದ ಮಿತಿ ಹೋಯಿತು. ಆಮೇಲೆ ಶೋ ಕಡೆಯವರು ತಲೆ, ಕಿವಿ, ಕೂದಲು ನೋಡಿ ಮರಿ ಮಾಡಿಸಿದರು. ಈಗ ಅವರ ಅಳತೆ 28ರಿಂದ 32 ಪೌಂಡ್, ಅಂದರೆ ಹೆಚ್ಚುಕಮ್ಮಿ 13ರಿಂದ 14.5 ಕೆಜಿ. ಫೀಲ್ಡ್ ಟ್ರಯಲ್, ಅಂದರೆ ಬೇಟೆನಾಯಿಗಳ ಕೆಲಸದ ಸ್ಪರ್ಧೆಯ ಕಡೆಯವರು ಓಟ, ಮೂಗು, ಹೇಳಿದ ಮಾತು ಕೇಳುವ ಗುಣ ಇಷ್ಟನ್ನೇ ನೋಡಿದರು. ಅದಕ್ಕೇ ವರ್ಕಿಂಗ್ ಕಾಕರ್‌ಗಳಲ್ಲಿ ಒಂದರ ಗಾತ್ರ ಒಂದಕ್ಕಿಲ್ಲ. ಅಂದಕ್ಕಾಗಿ ಎಳೆದಾಡಿದರೆ ಏನಾಗುತ್ತೆ ಅನ್ನೋದಕ್ಕೆ ಫೀಲ್ಡ್ ಸ್ಪ್ಯಾನಿಯಲ್ ಅನ್ನೋ ಇನ್ನೊಂದು ತಳಿಯೇ ಸಾಕ್ಷಿ. ಮೈ ಉದ್ದ, ಕಾಲು ಗಿಡ್ಡ ಮಾಡುತ್ತಾ ಹೋಗಿ, ಪೊದೆಗೆ ನುಗ್ಗುವ ಕೆಲಸಕ್ಕೇ ಬಾರದ ಹಾಗೆ ಮಾಡಿಟ್ಟಿದ್ದರು. ಸ್ಪ್ರಿಂಗರ್ ರಕ್ತ ಬೆರೆಸಿ ಆ ತಳಿಯನ್ನು ಸರಿಮಾಡಬೇಕಾಯಿತು.

ಈಗ ನನ್ನನ್ನು ನಿಜಕ್ಕೂ ಕಾಡಿದ ವಿಷಯ: ಹುಲ್ಲಿನ ಊಬು.

ಜೂನ್ ಕಳೆದ ಮೇಲೆ ಇಲ್ಲಿನ ಹೊಲದಂಚಿನ ಹುಲ್ಲೆಲ್ಲ ಒಣಗುತ್ತೆ. ಊಬಿನ ಮೈಮೇಲೆ ಹಿಮ್ಮುಖವಾಗಿ ಸಣ್ಣ ಸಣ್ಣ ಮುಳ್ಳು. ಅದು ಮುಂದೆ ಹೋಗುತ್ತೆಯೇ ಹೊರತು ಹಿಂದೆ ಬರಲ್ಲ. ಚಿನ್ನಿಯ ಕಿವಿ ನೆಲ ಸವರುತ್ತಾ ಹೋಗುತ್ತಿತ್ತು. ಕಿವಿಯ ಒಳಭಾಗದ ಕೂದಲಿಗೆ ಅಂಟಿದ ಊಬು ನಿಧಾನಕ್ಕೆ ಕಿವಿಯ ತೂತಿಗೆ ಇಳಿದುಬಿಡುತ್ತೆ. ಒಂದು ಸಂಜೆ ತಲೆ ಒಂದು ಕಡೆ ವಾಲಿಸಿಕೊಂಡು ಬಂದವಳು, ಕಿವಿ ಒದರಿ ಒದರಿ ಅಳೋಕೆ ಶುರು ಮಾಡಿದಳು. ಡಾಕ್ಟರು ಮಂಪರು ಬರುವ ಇಂಜೆಕ್ಷನ್ ಕೊಟ್ಟೇ ಅದನ್ನು ತೆಗೆಯಬೇಕಾಯಿತು. ಬಿಲ್ಲು ನೋಡಿ ನನ್ನ ಹೆಂಡತಿ ಮಾತೇ ಆಡಲಿಲ್ಲ.

ಅವತ್ತಿಂದ ಬೇಸಿಗೆಯ ಪ್ರತಿ ಸಂಜೆ ಅದೇ ಕೆಲಸ. ಅಡುಗೆಮನೆ ನೆಲದಲ್ಲಿ ಕೂತು ಕಿವಿ ಮಗುಚಿ, ಹಲ್ಲು ಒತ್ತಾಗಿರುವ ಬಾಚಣಿಗೆಯಲ್ಲಿ ಬಾಚೋದು. ಬೆರಳುಗಳ ಸಂದು ಬಿಡಿಸಿ ನೋಡೋದು. ಅಲ್ಲಿ ಚುಚ್ಚಿಕೊಂಡರೆ ಊಬು ಚರ್ಮದೊಳಗೇ ಹರಿದು ಕೀವು ಕಟ್ಟುತ್ತೆ. ಕಂಕುಳಲ್ಲಿ ಕೂದಲು ಗಂಟು, ಬಿಡಿಸೋಕೆ ಹೋದರೆ ಅವಳಿಗೆ ನೋವು, ನಮಗೆ ಸಂಕಟ.

ಕೆಂಚನಿಗೆ ಊಬು ಹತ್ತಲ್ಲ ಅಂತಲ್ಲ, ಅವನೂ ಸ್ಪ್ಯಾನಿಯಲ್ಲೇ ಅಲ್ವಾ? ಆದರೆ ಟೀ ಕುದಿಯೋ ಹೊತ್ತಿಗೆ ಅವನ ಕಿವಿ, ಕಾಲು ಎಲ್ಲ ನೋಡಿ ಮುಗಿದಿರುತ್ತೆ.

ಇನ್ನೆರಡು ಮಾತು: ಮರಿಯ ಬಾಲ ಕತ್ತರಿಸೋದು 2007ರಿಂದ ಇಂಗ್ಲೆಂಡಿನಲ್ಲಿ ನಿಷೇಧ, ಕೆಲವು ಕೆಲಸದ ನಾಯಿಗಳಿಗೆ ವಿನಾಯಿತಿ ಇದೆ. ನಿಧಾನಕ್ಕೆ ಕಣ್ಣು ಕಳೆಯುವ ಪಿಆರ್‌ಎ ರೋಗದ ಡಿಎನ್‌ಎ ಪರೀಕ್ಷೆ ಎರಡೂ ವಂಶಕ್ಕೂ ಬೇಕೇ ಬೇಕು.

ಚಿನ್ನಿ ಪರವಾಗಿ ಒಂದು ಮಾತು ಹೇಳಲೇಬೇಕು. ಮಳೆ ಬಂದ ದಿನ ಅವಳು ಸೋಫಾ ಬಿಟ್ಟು ಏಳುತ್ತಿರಲಿಲ್ಲ, ಯಾವ ರಗಳೆಯೂ ಇಲ್ಲ. ಕೆಂಚನಿಗೆ ಬೆಳಿಗ್ಗೆ, ಸಂಜೆ ಓಟ ಬೇಕು, ಜೊತೆಗೆ ತಲೆಗೂ ಕೆಲಸ ಬೇಕು. ಮಾರ್ಚ್ 1ರಿಂದ ಜುಲೈ 31ರವರೆಗೆ ಇಲ್ಲಿನ ತೆರೆದ ಬೆಟ್ಟಬಯಲಲ್ಲಿ ನಾಯಿಗೆ ಗಿಡ್ಡ ಹಗ್ಗ ಕಡ್ಡಾಯ. ಆಗ ಹಿತ್ತಲಲ್ಲಿ ಚೆಂಡು ಬಚ್ಚಿಟ್ಟು ಹುಡುಕಿಸುತ್ತೇನೆ. ನನಗೆ ನಡೆಯೋದು ಇಷ್ಟ, ಸಮಯವೂ ಇದೆ. ಕೂದಲು ಕತ್ತರಿಸೋರಿಗೂ ಡಾಕ್ಟರಿಗೂ ತಿಂಗಳು ತಿಂಗಳು ದುಡ್ಡು ಸುರಿಯೋಕೆ ಮಾತ್ರ ಆಗಲ್ಲ. ಓಡಾಟ ಕಮ್ಮಿ ಇರುವ ಮನೆಯವರು ಚಿನ್ನಿಯಂಥವಳನ್ನೇ ತರಲಿ, ಆದರೆ ಬಾಚಣಿಗೆ ಕೈಬಿಡಬಾರದು.

ವರ್ಕಿಂಗ್ ಮರಿಯೇ ಬೇಕು ಅಂದರೆ ವಂಶಾವಳಿ ಕಾಗದ ಕೇಳಿ ನೋಡಿ. ಅಜ್ಜ ಮುತ್ತಜ್ಜರ ಹೆಸರಿನ ಮುಂದೆ ಎಫ್‌ಟಿಸಿಎಚ್ ಅಂತ ಇದ್ದರೆ ಅವು ಫೀಲ್ಡ್ ಟ್ರಯಲ್ ಚಾಂಪಿಯನ್ನುಗಳು. ಕಾಗದ ಚೆನ್ನಾಗಿದೆ ಅಂತ ಸುಮ್ನೆ ಒಪ್ಪಿಕೊಳ್ಳಬೇಡಿ. ತಾಯಿ ನಾಯಿ ಮನೆಯೊಳಗೆ ಐದು ನಿಮಿಷ ತೆಪ್ಪಗೆ ಮಲಗುತ್ತಾ ಅಂತ ಕಣ್ಣಾರೆ ನೋಡಿ, ಆಮೇಲೆ ಮುಂಗಡ ಕೊಡಿ.